ಮೂರೂವರೆ ಅಡಿ

ಮೂಡುಬಿದಿರೆಯ ನಮ್ಮ ಓಣಿಗೆ ನಳ್ಳಿ ನೀರು ಬರುತ್ತದಂತೆ ಎಂಬ ಸುದ್ದಿಗೇ ಮಕ್ಕಳೆಲ್ಲ ಕುಣಿದಾಡಿದ ಕಾಲ ಅದು. ಬಾವಿಯ ಹಗ್ಗಕ್ಕೆ ಅಂಗೈ ಸುಲಿದುಕೊಂಡಿದ್ದ ನಾನಂತೂ ದಿನ ಎಣಿಸುತ್ತಿದ್ದೆ. ಪೈಪು ನಮ್ಮ ಹಿತ್ತಲಿನ ಮೂಲಕವೇ ಹೋಗಬೇಕಿತ್ತು.

ಪೈಪು ಹೂಳಲು ಉದ್ದಕ್ಕೆ ಕಣಿ ತೋಡುತ್ತ ಆಳುಗಳು ಪೇರಳೆ ಮರದ ಹತ್ತಿರ ಬಂದ ದಿನ, ನಮ್ಮೊಡನೆಯೇ ಇದ್ದ ದೊಡ್ಡಮ್ಮ ಊಟ ಬಿಟ್ಟು ಎದ್ದರು. ನಾನು ಹುಟ್ಟುವ ಮೊದಲು, ಹನ್ನೊಂದೇ ದಿನ ಬದುಕಿದ್ದ ಅವರ ಮಗುವನ್ನು ಅಲ್ಲಿ ಹೂತಿದ್ದರು. ಹೂತದ್ದು ಗಂಡಸರು, ಬಾಣಂತಿ ದೊಡ್ಡಮ್ಮ ಕಿಟಕಿಯಿಂದ ನೋಡಿದ್ದು ಅಷ್ಟೆ.

"ಓವರ್ಸಿಯರ್ರೇ, ಇಲ್ಲಿ ಒಂದಡಿ ಸಾಕು. ಕೆಳಗೆ ನನ್ನ ಮಗು ಉಂಟು."

ಘಟ್ಟದ ಮೇಲಿನಿಂದ ಬಂದ ಓವರ್ಸಿಯರ್ ಒಳ್ಳೆಯವರೇ, ಆದರೆ ಅವರದು ಪುಸ್ತಕದ ಬದನೆಕಾಯಿ. "ಬುಕ್ಕಲ್ಲಿ ಮೂರೂವರೆ ಅಡಿ ಅಂತಿದೆ ಅಮ್ಮ. ಮೇಲಿದ್ರೆ ಚಳಿಗೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತಂತೆ."

"ಯಾವ ಊರಿನ ಚಳಿ ಮಾರಾಯ್ರೆ? ಇಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದೇ ಅಪರೂಪ!"

ಹಿಮ ಬೀಳುವ ಯಾವುದೋ ದೇಶದವರು ಬರೆದ ಪುಸ್ತಕ. ಮೇಲಿನವರು ಅಳತೆ ನೋಡಲು ಬರುತ್ತಾರೆ ಎಂದು ಓವರ್ಸಿಯರ್ ತಲೆ ತಗ್ಗಿಸಿದರು. ನನಗೆ ಅವರ ಮೇಲೆ ಈಗಲೂ ಸಿಟ್ಟಿದೆ.

ಮಟಮಟ ಮಧ್ಯಾಹ್ನ. ಕೊಳೆತ ಪೇರಳೆ ಹಣ್ಣಿನ ವಾಸನೆಗೆ ಹಸಿ ಮಣ್ಣಿನ ವಾಸನೆ ಸೇರಿತ್ತು. ಅಗೆಯುತ್ತಿದ್ದ ಕೊರಗಪ್ಪಣ್ಣ ಪಿಕಾಸಿ ಬದಿಗಿಟ್ಟು, ಕೈಯಿಂದಲೇ ಮಣ್ಣು ತೆಗೆಯತೊಡಗಿದ. ಮಗುವನ್ನು ಎತ್ತಿಕೊಳ್ಳಲೆಂದು ದೊಡ್ಡಮ್ಮ ಮಡಿಲಲ್ಲಿ ಹಳೆಯ ಸೀರೆ ಹರವಿಕೊಂಡು ಕೂತಿದ್ದರು. ಎರಡಡಿ. ಮೂರಡಿ. ಮೂರೂವರೆಯೂ ಆಯಿತು.

"ಏನೂ ಇಲ್ಲ ಅಮ್ಮ," ಎಂದ ಕೊರಗಪ್ಪಣ್ಣ. ಸುತ್ತ ಅಗಲಿಸಿದರೂ ಏನೂ ಇರಲಿಲ್ಲ.

"ಹಾಗಾದ್ರೆ ಎಲ್ಲಿ ಉಂಟು?" ಎಂದು ದೊಡ್ಡಮ್ಮ ಕೇಳಿದರು. ಹೂತವರು ಯಾರೂ ಬದುಕಿರಲಿಲ್ಲ.

ನಳ್ಳಿ ಬಂತು. ಹಿತ್ತಲಲ್ಲಿ ನಮ್ಮ ಕುಂಟೆಬಿಲ್ಲೆ ನಿಂತಿತು. ಕುಪ್ಪಳಿಸಿದರೆ ಸಾಕು, ದೊಡ್ಡಮ್ಮ "ಮೆಲ್ಲ ಹೋಗು ಮಗಾ, ಎಲ್ಲಿ ಮಲಗಿದೆಯೋ ಗೊತ್ತಿಲ್ಲ" ಎನ್ನುತ್ತಿದ್ದರು. ಒಂದು ಮರದಡಿ ಇದ್ದ ಮಗು ಈಗ ಇಡೀ ಹಿತ್ತಲಿನಲ್ಲಿತ್ತು. ನೀರು ಬರುವ ಮುಂಚೆ ನೆಲದೊಳಗೆ ಪೈಪು ಗೊರಗೊರ ಎನ್ನುವಾಗ ದೊಡ್ಡಮ್ಮ ಮಣ್ಣಿಗೆ ಕಿವಿಯಿಟ್ಟು, ಬೆರಳೆತ್ತಿ ನಮ್ಮನ್ನು ಸುಮ್ಮನಿರಿಸುವರು. ನಾನು ಹೆದರಿ ಹೆದರಿ, ತುದಿಗಾಲಲ್ಲೇ ನಡೆದು ದೊಡ್ಡವಳಾದೆ.

ಈಗ ಅಲ್ಲಿ ಅಂಗಡಿ ಸಾಲು ಬಂದಿದೆ. ನಮ್ಮ ಕೆಂಪು ಮಣ್ಣು ಎಳೆಯ ಮೂಳೆಯನ್ನು ಕೆಲವೇ ವರ್ಷಗಳಲ್ಲಿ ಕರಗಿಸಿಬಿಡುತ್ತದೆ ಎಂದು ಎಷ್ಟೋ ಕಾಲದ ಮೇಲೆ ಯಾರೋ ಹೇಳಿದರು. ಮಗು ಅಲ್ಲೇ ಇತ್ತು ದೊಡ್ಡಮ್ಮ, ಕೊರಗಪ್ಪಣ್ಣ ಬೊಗಸೆ ಬೊಗಸೆಯಾಗಿ ಎತ್ತಿ ಆಚೆ ಹಾಕಿದ ಮಣ್ಣೇ ಅದು ಎಂದು ಹೇಳೋಣವೆಂದರೆ, ಕೇಳಲು ಅವರಿಲ್ಲ.