ಹೊಸ ನಂಬರಿನ ಕನ್ನಡಕ ಮತ್ತು ನಮ್ಮ ಕುರಿಗಳು

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಬೇಸಿಗೆ ರಜೆಗೆ ಹೈದರಾಬಾದಿನ ಕಾಲೇಜಿನಿಂದ ನಮ್ಮೂರು ಬೋನಾಳಕ್ಕೆ ಬಂದಾಗ, ನನ್ನ ಕನ್ನಡಕದ ನಂಬರು ಬದಲಾಗಿ ಮೂರು ದಿನವಾಗಿತ್ತು. ನೆಲ ಮೇಲೆದ್ದು ಬಂದಂತೆ ಕಾಣುತ್ತಿತ್ತು.

ಅಂದೇ ಕೆರೆಯ ದಂಡೆಯಲ್ಲಿ ನಮ್ಮ ಕುರಿಗಳು ಬೇರೊಬ್ಬರ ಹಿಂಡಿನಲ್ಲಿ ಬೆರೆತವು. ಅವನ್ನು ಬೇರ್ಪಡಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಒಂದರ ಕಾಲು ಹಿಡಿದು ಎಳೆದೆ.

"ಏ, ಅದು ನಮ್ಮದೈತಲೋ! ಓದಾಕ ಹೋಗಿ ಮಂದಿ ಕುರಿ ಎಳಿಯೂದು ಕಲ್ತಿಯೇನು?" ಎಂದು ಆ ಹಿಂಡಿನ ಮುದುಕ ನಕ್ಕ.

"ಇನ್ನ ಇಂವನ್ನ ಕುರಿ ಹಿಂದ ಕರಿಯಾಂಗಿಲ್ಲ ಬಿಡು," ಎಂದ ಜೊತೆಗಿದ್ದ ಅಣ್ಣ. ಆ ಮಾತು ಚುಚ್ಚಿತು.

ಹಳೆಯ ಕನ್ನಡಕದ ಮಸುಕಿನಲ್ಲಿ ನಾನು ಕುರಿಗಳನ್ನು ನಡಿಗೆಯಿಂದಲೇ ಗುರುತಿಸುತ್ತಿದ್ದೆ. ಈಗ ಒಂದೊಂದು ಮಚ್ಚೆಯೂ ಎದ್ದು ಕಂಡು ಎಲ್ಲವೂ ಅಪರಿಚಿತವಾಗಿದ್ದವು. ಕನ್ನಡಕ ತೆಗೆದೆ. ಹಿಂಡನ್ನು ನಿಧಾನವಾಗಿ ನಡೆಸಲು ಹೇಳಿ, ನಮ್ಮವನ್ನು ಒಂದೊಂದಾಗಿ ಹೊರತಂದೆ. ಒಂದೂ ತಪ್ಪಲಿಲ್ಲವೆಂದು ನನ್ನ ನೆನಪು. ಆದರೆ ಆ ನೆನಪಿಗೆ ನನ್ನನ್ನು ಹೊಗಳುವ ಚಟವಿದೆ. ಒಂದು ತಪ್ಪಿತ್ತು ಎನ್ನುತ್ತಾನೆ ಅಣ್ಣ.

ಮರುದಿನ ಬೆಳಗ್ಗೆ ಅವನೇ ಬಂದು, "ಏಳೋ, ಕುರಿ ಬಿಡೂಣು," ಎಂದದ್ದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಹೊಸ ಗಾಜಿನಲ್ಲೂ ಅವುಗಳ ನಡಿಗೆ ಕಲಿಯಬೇಕೆಂದು ಕನ್ನಡಕ ಹಾಕಿಕೊಂಡೇ ಹೊರಟೆ.