ಹಳೇ ಕಡವಿನ ಬೆಳ್ಳಿ

ಅಮೆರಿಕದ ರೋಡ್ ಐಲೆಂಡಿನ ಒಂದು ನದಿಗೆ ಸೇತುವೆ ಬರುವ ಮೊದಲು, ಇಂಗ್ಲೆಂಡಿನ ದೊರೆಯ ಕಾಲದಲ್ಲಿ, ಜನ ದಾಟುತ್ತಿದ್ದದ್ದು ದೋಣಿಯಲ್ಲಿ. ದೋಣಿ ನಿಲ್ಲುವ ಕಡವಿನಲ್ಲಿ ಹತ್ತುವಾಗ ಇಳಿಯುವಾಗ ಜೇಬಿನಿಂದ ಜಾರಿದ್ದೆಲ್ಲ ಕೆಸರಿನಲ್ಲೇ ಉಳಿದಿತ್ತು. ಅದನ್ನು ಹೆಕ್ಕುವುದು ಆರಿನ್ ಟೆಫ್ಟನ ಹುಚ್ಚು. ಬಟ್ಟೆ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದವನು, ಗಿರಣಿ ಮುಚ್ಚಿದ ಮೇಲೆ ಹೆಚ್ಚುಕಡಿಮೆ ನದಿಯಲ್ಲೇ ಬಿಡಾರ ಹೂಡಿದ. ಎದೆಮಟ್ಟದ ರಬ್ಬರ್ ಉಡುಪು ಏರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮೆಟಲ್ ಡಿಟೆಕ್ಟರನ್ನು ನೀರಿನಡಿ ಆಡಿಸುತ್ತ ನಡೆಯುವನು. ಸದ್ದು ಬಂದ ಕಡೆ ನೀರು ಸೋರಿಹೋಗುವಂಥ ತೂತಿನ ಸಲಿಕೆ ಹಾಕಿ ಎತ್ತುವನು.

ಹೆಂಡತಿ ಹಲ್ಡಾ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅವನು ಏನನ್ನೋ ಹಿಡಿದು ಕೈಯೆತ್ತಿದರೆ ಸಾಕು, "ಗುಂಡಿ! ಇನ್ಯಾವನದೋ ಕೋಟಿನ ಗುಂಡಿ! ಇಷ್ಟೊತ್ತಿಗೆ ಒಂದು ಕೋಟೇ ಹೊಲಿಸ್ಬೋದಿತ್ತು" ಎಂದು ಕೂಗುವಳು. ಹೆಚ್ಚಿನ ಸಲ ಅದು ಗುಂಡಿಯೇ ಆಗಿರುತ್ತಿತ್ತು. ಒಮ್ಮೆ ಜಾರ್ಜ್ ದೊರೆಯ ತಾಮ್ರದ ಕಾಸು ಸಿಕ್ಕಾಗ ಅವನು ಹಾಕಿದ ಕೇಕೆಗೆ ಆಚೆ ದಡದ ಬಾತುಗಳು ಎದ್ದು ಹಾರಿದ್ದವು.

ಹಲ್ಡಾ ವಸಂತದಲ್ಲಿ ತೀರಿಕೊಂಡಳು. ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದವಳು ಹಾಗೇ ಕುಸಿದಳು. ಆರಿನ್ ಅಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ನೀರಿಗಿಳಿದ, ಬೇಸಿಗೆಯಿಡೀ ಇಳಿದ. ಬೂಟಿನ ಬಕಲ್ಲು, ಬಂದೂಕಿನ ಸೀಸದ ಗುಂಡು, ಬಾಗಿದ ಚಮಚ ಎಲ್ಲವನ್ನೂ ಬಕೆಟ್ಟಿಗೆ ಹಾಕಿ ತಂದು, ತೊಳೆಯದೆ ಹಿತ್ತಿಲಲ್ಲಿ ಇಡುತ್ತಿದ್ದ. ಹಿಂದಿನಂತೆ ಭೂತಗನ್ನಡಿ ಹಿಡಿದು ಕೂರಲಿಲ್ಲ. ಹಸಿವೂ ಅಷ್ಟಕ್ಕಷ್ಟೆ.

ಶಾಲೆಯಿಂದಲೂ ಜೊತೆಗಿದ್ದ ಲೈಲ್ ಬರ್ಡಿಕ್ ಆಗಾಗ ಬಂದು ದಡದಲ್ಲಿ ನಿಲ್ಲುತ್ತಿದ್ದ. ನವೆಂಬರಿನಲ್ಲಿ ಅಂಚಿನ ನೀರು ಹೆಪ್ಪುಗಟ್ಟತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ.

"ಲೋ, ಮೀನುಗಳೇ ಚಳಿಗೆ ತಳ ಸೇರ್ಕೊಂಡಿವೆ. ನಿಂಗೇನೋ ಬಂದಿದೆ ದೊಡ್ಡರೋಗ? ಮೇಲಕ್ಕೆ ಬಾ."

"ಚಳಿ ಗೊತ್ತಾಗ್ತಿಲ್ಲ ಕಣೋ."

"ಅದೇ ನಂಗೆ ಭಯ."

ಆರಿನ್ ಬಗ್ಗಿ ಸಲಿಕೆಯೊಳಗೆ ಕೈಹಾಕಿದ. ಅಷ್ಟರಲ್ಲಿ ಕಾಲಡಿಯ ಪಾಚಿಗಲ್ಲು ಜಾರಿತು. ಉಡುಪಿನೊಳಗೆ ನೀರು ನುಗ್ಗಿ, ಸೆಳೆತ ಅವನನ್ನು ಕೆಳಕ್ಕೆಳೆದುಕೊಂಡು ಹೋಯಿತು. ಅವನು ಈಜಲೂ ಇಲ್ಲ, ಕೂಗಲೂ ಇಲ್ಲ. ಹರಿವಿಗಡ್ಡ ಬಿದ್ದಿದ್ದ ಮರಕ್ಕೆ ಸಿಕ್ಕಿಕೊಂಡವನನ್ನು ಲೈಲ್ ಸೊಂಟದಾಳಕ್ಕೆ ಇಳಿದು, ಕತ್ತಿನಪಟ್ಟಿ ಹಿಡಿದು, ಬಾಯಿಗೆ ಬಂದಂತೆ ಬೈಯುತ್ತ ದಡಕ್ಕೆಳೆದ.

ಲೈಲನ ಮನೆಯಲ್ಲಿ ಅವನ ಹೆಂಡತಿ ಬರ್ನೀಸ್ ಒದ್ದೆ ಬಟ್ಟೆ ಕಳಚಿಸಿ, ಕಂಬಳಿ ಸುತ್ತಿ ಒಲೆಯ ಬಳಿ ಕೂರಿಸಿದಳು. ಆರಿನ್‌ನ ಬಲಗೈ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ಅವಳು ಅದನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿಟ್ಟು ಒಂದೊಂದೇ ಬೆರಳನ್ನು ಮೆತ್ತಗೆ ಬಿಡಿಸಿದಳು. ತಳದಲ್ಲಿ ಟಣ್ಣೆಂದು ಏನೋ ಬಿತ್ತು.

ಲೈಲ್ ಅದನ್ನೆತ್ತಿ ಬೆಳಕಿಗೆ ಹಿಡಿದ. ತೆಳುವಾದ ಬೆಳ್ಳಿ ನಾಣ್ಯ, ನಡುವೆ ಪೈನ್ ಮರದ ಮುದ್ರೆ.

"ಪೈನ್ ಮರದ ಶಿಲ್ಲಿಂಗು ಕಣೋ! ಈ ನೆಲದಲ್ಲೇ ಟಂಕಿಸಿದ ಮೊದಮೊದಲ ಬೆಳ್ಳಿ! ಜನ ಇದಕ್ಕೆ ಜೀವಮಾನ ಇಡೀ ಹುಡುಕ್ತಾರೆ!" ಎನ್ನುತ್ತಲೇ ಅವನ ದನಿ ಒಡೆಯಿತು. ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ. ನಾಣ್ಯಕ್ಕೋ, ಗೆಳೆಯ ಬದುಕಿದ್ದಕ್ಕೋ, ಹಲ್ಡಾಳಿಗೋ, ಅಂತೂ ಅತ್ತ.

ಆರಿನ್ ಕತ್ತು ಚಾಚಿ ನೋಡಿದ. "ಚೆನ್ನಾಗಿದೆ" ಎಂದ.

"ಅಷ್ಟೇನಾ? ಏನೂ ಅನ್ನಿಸ್ತಾನೇ ಇಲ್ವಾ ನಿಂಗೆ?" ಬರ್ನೀಸ್ ಕೇಳಿದಳು.

ಅವನು ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಬೆರಳು ಉರೀತಿದೆ."

"ಉರೀಲಿ. ರಕ್ತ ಓಡ್ತಿದೆ ಅಂತ ಅರ್ಥ" ಎಂದು ಅವಳು ಚಿಪ್ಪುಮೀನಿನ ಸಾರಿನ ಬಟ್ಟಲನ್ನು ಮುಂದಿಟ್ಟಳು. ಆರಿನ್ ಚಮಚ ಹಿಡಿಯಲಾಗದೆ ಬಟ್ಟಲನ್ನೇ ಎರಡೂ ಕೈಯಲ್ಲೆತ್ತಿ ಕುಡಿದ.

ನಾಣ್ಯವನ್ನು ಅವನು ಮತ್ತೆ ಕೇಳಲಿಲ್ಲ. "ನೀನೇ ಏನಾದ್ರೂ ಮಾಡು" ಎಂದುಬಿಟ್ಟ. ಲೈಲ್ ಅದನ್ನು ಊರಿನ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದ. ನೋಡಲು ಜನ ಬಂದರು, ಆರಿನ್ ಹೋಗಲಿಲ್ಲ. ಹಿಮ ಬಿದ್ದು ನದಿ ಮುಚ್ಚಿತು. ಆ ಚಳಿಗಾಲ ದಿನವೂ ಬೆಳಗ್ಗೆ ಲೈಲ್ ಫೋನ್ ಮಾಡಿ, "ಎದ್ಯೇನೋ?" ಎಂದು ಕೇಳುತ್ತಿದ್ದ. "ಹೂಂ" ಎನ್ನುತ್ತಿದ್ದ ಆರಿನ್. ಕೆಲವು ದಿನ ಅದರ ಮೇಲೆ ಇನ್ನೂ ಒಂದೆರಡು ಮಾತಾಡುತ್ತಿದ್ದ.