ಗುಲಾಬಸಾಬರು ಲಾರಿಗೆ ಹೊಸ ಟೇಪು ಹಾಕಿದ್ದು

ತಮ್ಮ ಲಾರಿ ಗುಜರಿಗೆ ಹೋಗಲಿದೆ ಎಂಬ ಸುದ್ದಿಯನ್ನು ಗುಲಾಬಸಾಬರಿಗೆ ಯಾರೂ ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ಕಂಡಿ ಹೇಳಿತು. ಬೆಳಿಗ್ಗೆ ಕ್ಯಾಬಿನ್ ಹತ್ತಿ ನೋಡಿದರೆ ಹಾಡು ಹಾಕುವ ಟೇಪು ಇದ್ದ ಜಾಗ ಖಾಲಿ. ಒಳಗಿಂದ ಕೆಂಪು ಕಪ್ಪು ವೈರುಗಳು ಜೋತಾಡುತ್ತಿದ್ದವು. ಲಾರಿ ಗುಜರಿಗೆ ಹೋಗುವುದಿದ್ದರೆ ಮೊದಲು ಬಿಚ್ಚುವುದೇ ಟೇಪು. ಜಾಕು, ತಾಡಪತ್ರಿ, ಸ್ಟೆಪ್ನಿ ಎಲ್ಲ ಆಮೇಲೆ. ಹಳೇ ಹುಬ್ಬಳ್ಳಿಯ ಲಾರಿಯವರಲ್ಲಿ ಇದು ಗೊತ್ತಿಲ್ಲದವರಿಲ್ಲ.

ಬಿಚ್ಚಿದವನನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಗ ಮುಷರಫ ಪಡಸಾಲೆಯಲ್ಲಿ ಚಹಾಕ್ಕೆ ಟೋಸ್ಟು ಅದ್ದುತ್ತ ಕೂತಿದ್ದ. ಅವನದು ಮೊಬೈಲ್ ಅಂಗಡಿ. ಅಂಗಡಿಯಲ್ಲಿ ಇರುವವನು ಅವನೊಬ್ಬನೇ ಆದರೂ ಕಾರ್ಡಿನ ಮೇಲೆ ಮ್ಯಾನೇಜಿಂಗ್ ಡೈರೆಕ್ಟರ್ ಎಂದು ಅಚ್ಚಾಗಿತ್ತು. ರಾತ್ರಿ ಶಟರ್ ಎಳೆದ ಮೇಲೂ ಅವನು ಆ ಹುದ್ದೆಯಿಂದ ಇಳಿಯುತ್ತಿರಲಿಲ್ಲ.

"ಟೇಪ ಎಲ್ಲೈತೋ?"

"ಅಂಗಡ್ಯಾಗ ಹಚ್ಚೇನ್ರಿ ಅಬ್ಬಾ. ನಾಳಿ ರಾಯಾಪುರದ ಗುಜರಿ ಶಾಂತಯ್ಯನವರು ಬರ್ತಾರ, ಗಾಡಿ ಒಯ್ಯಾಕ. ಎಲ್ಲಾ ಮಾತಾಡಿ ಮುಗಿಸೇನಿ."

"ನನ್ನ ಕೇಳದ?"

"ನೀವು ಇಮೋಷನಲ್ ಆಗ್ತೀರಿ. ಡಿಸಿಶನ್ ತಗೊಳ್ಳೂವಾಗ ಇಮೋಷನ್ ಬದಿಗಿಡಬೇಕು."

ಅಡುಗೆಮನೆಯಿಂದ ತಾಯಿ ರೆಹಮತ್‌ಬಿಯ ದನಿ ಬಂತು: "ನಿನ್ನ ಹಡಿಯೂ ಮುಂದ ನಾನೂ ಬದಿಗಿಟ್ಟಿದ್ರ ಛಲೋ ಇತ್ತು."

ಮುಷರಫ ಅದನ್ನು ಕಡತಕ್ಕೆ ಸೇರಿಸಿಕೊಳ್ಳಲಿಲ್ಲ. "ಆ ಗಾಡಿ ಸತ್ತಂಗ ಅಬ್ಬಾ. ಹೆಣಾ ಬಾಗಲದಾಗ ಇಟಗೊಂಡು ಎಷ್ಟ ದಿನಾ ಕುಂದ್ರೂದು?"

"ಸತ್ತೈತೋ ಬದಕೇತೋ ನಾಳಿ ನೋಡೂಣು," ಎಂದರು ಗುಲಾಬಸಾಬರು. "ಶಾಂತಯ್ಯನ ಕಣ್ಣಮುಂದ ಇಂಜಿನ್ ಚಾಲೂ ಆಗಲಿಲ್ಲಂದ್ರ ನಾನ ಸಹಿ ಮಾಡಿ ಕೊಡ್ತೇನಿ. ಆತಂದ್ರ ನಿನ್ನ ಬಾಯಾಗ ಗಾಡಿ ಹೆಸರು ಬರಬಾರ್ದು."

ಹಿಂದಿನ ದಿನವಷ್ಟೇ ಉಳ್ಳಾಗಡ್ಡಿ ಹೇರಿಕೊಂಡು ಬಂದ ಲಾರಿ ಅದು. ಗೆದ್ದ ಪಂದ್ಯ ಎಂದೇ ಅವರು ತಿಳಿದಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಗೆಲ್ಲುತ್ತಲೂ ಇದ್ದರು. ಆದರೆ ಆ ಕಂಡಿ ಅವರನ್ನು ಬಿಡಲಿಲ್ಲ. ಮಾರುವ ಗಾಡಿಗೆ ಯಾರೂ ಹೊಸ ಟೇಪು ಹಾಕುವುದಿಲ್ಲ. ಆದ್ದರಿಂದ ಹೊಸ ಟೇಪು ಹಾಕಿದ ಗಾಡಿ ಮಾರುವುದಲ್ಲ ಎಂದು ಇಡೀ ಓಣಿಗೆ ತಿಳಿಯಬೇಕು. ಪೇಟೆಗೆ ಹೋಗಿ ನೀಲಿ ದೀಪದ, ರಿಮೋಟಿನ, ಹಳೆಯದಕ್ಕಿಂತ ಗಾತ್ರದಲ್ಲಿ ದೊಡ್ಡದಾದ ಟೇಪನ್ನೂ ಎರಡು ಸ್ಪೀಕರ್ ಡಬ್ಬಿಗಳನ್ನೂ ತಂದರು.

ಅಂಗಡಿಯವನು ಒಂದು ಮಾತು ಹೇಳಿದ್ದ: "ಕಾಕಾ, ಲಾರಿದು ಎರಡು ಬ್ಯಾಟರಿ ಕೂಡಿ ಇಪ್ಪತ್ನಾಕ ವೋಲ್ಟ್. ಇದು ಹನ್ನೆರಡರದು. ನಡುವ ಕನ್ವರ್ಟರ್ ಹಾಕ್ರಿ."

"ನೀ ಹುಟ್ಟೂಕಿಂತ ಮದಲ ಲಾರಿ ವೈರಿಂಗ್ ಮಾಡೇನಿ ತಮ್ಮಾ," ಎಂದು ಗುಲಾಬಸಾಬರು ಕನ್ವರ್ಟರನ್ನು ಅಂಗಡಿಯಲ್ಲೇ ಬಿಟ್ಟು ಬಂದರು. ಮ್ಯಾನೇಜಿಂಗ್ ಡೈರೆಕ್ಟರ್ ಗುಣ ಮಗನಿಗೆ ಎಲ್ಲಿಂದ ಬಂತು ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮಧ್ಯಾಹ್ನವೆಲ್ಲ ಕ್ಯಾಬಿನ್ನಿನಲ್ಲಿ ಅಂಗಾತ ಮಲಗಿ ಹ್ಯಾಕ್ಸಾ ಬ್ಲೇಡಿನಿಂದ ಕಂಡಿಯನ್ನು ಅಗಲ ಮಾಡಿದರು. ರೆಹಮತ್‌ಬಿ ಬ್ಯಾಟರಿ ದೀಪ ಹಿಡಿದು ಪಾವಟಿಗೆಯ ಮೇಲೆ ನಿಂತಿದ್ದರು.

"ಮಗನ ಮ್ಯಾಲಿನ ಸಿಟ್ಟು ತಗಡಿನ ಮ್ಯಾಲ ಯಾಕ?"

"ತಗಡು ಎದರ ಮಾತಾಡೂದಿಲ್ಲ. ದೀಪ ಈ ಕಡೆ ಹಿಡಿ."

ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರು ಎಳೆದರು. ಹನ್ನೆರಡು ವೋಲ್ಟ್ ಸಿಕ್ಕಿತು, ನೀಲಿ ದೀಪ ಹತ್ತಿತು, ಹಾಡು ಹೊರಟಿತು. ಇಂಜಿನ್ ಬಂದ್ ಇಟ್ಟು ಸಂಜೆಯೆಲ್ಲ ಹಾಡಿಸಿದರು. ಎದುರು ಮನೆಯ ಖಾತುನಬಿ ಆಡಿಗೆ ಸೊಪ್ಪು ಹಾಕುತ್ತ ಕೇಳಿದಳು: "ಗುಲಾಬಣ್ಣಾ, ಲಗ್ನ ಯಾರದು?"

"ಗಾಡೀದು," ಎಂದು ಗುಲಾಬಸಾಬರು ದನಿ ಇನ್ನೊಂದಿಷ್ಟು ಏರಿಸಿದರು.

ಮರುದಿನ ಬೆಳಿಗ್ಗೆ ಶಾಂತಯ್ಯ ಬಂದರು. ಪಂದ್ಯದ ಷರತ್ತನ್ನು ಗುಲಾಬಸಾಬರು ಅವರಿಗೂ ಹೇಳಿದರು. "ಆತ್ರಿ ಸಾಬ್ರ, ನನ್ನ ಮುಂದ ಚಾಲೂ ಆತಂದ್ರ ನಾ ಖಾಲಿ ಕೈಲೆ ಹೊಕ್ಕೇನಿ," ಎಂದು ಅವರು ಕಟ್ಟೆಯ ಮೇಲೆ ಕೂತರು. ಗುಲಾಬಸಾಬರು ಬಿಸ್ಮಿಲ್ಲಾ ಎಂದು ಕೀಲಿ ತಿರುವಿದರು.

ಟಕ್.

ಮತ್ತೆ ತಿರುವಿದರು. ಟಕ್. ಸಂಜೆಯೆಲ್ಲ ಒಂದೇ ಬ್ಯಾಟರಿ ಹಾಡಿಗೆ ದುಡಿದು ಬರಿದಾಗಿತ್ತು. ಉಳಿದ ಒಂದರಿಂದ ಅಷ್ಟು ದೊಡ್ಡ ಇಂಜಿನ್ ಏಳುವಂತಿರಲಿಲ್ಲ. ಬರಿದಾದ ಬ್ಯಾಟರಿಯ ತಳದಲ್ಲಿದ್ದ ಚೂರುಪಾರಿನಲ್ಲಿ ಟೇಪು ಮಾತ್ರ ಸಣ್ಣ ದನಿಯಲ್ಲಿ ಪ್ರೇಮಗೀತೆ ಹಾಡುತ್ತಿತ್ತು.

ಮುಷರಫ ನಗಲಿಲ್ಲ. ಅವನ ಹುದ್ದೆಗೆ ಅದು ಸಲ್ಲುವುದಿಲ್ಲ. "ಶಾಂತಯ್ಯನವರ, ಪ್ರೊಸೀಡ್," ಎಂದ.

"ನನ್ನ ಕ್ರೇನ್ ಓಣ್ಯಾಗ ಬರೂದಿಲ್ಲಪಾ, ಮ್ಯಾಲ ವೈರ್ ಅದಾವು. ದೊಡ್ಡ ರೋಡಿನ ಮಟಾ ದಬ್ಬೂಣು. ಸ್ಟೇರಿಂಗ್ ಯಾರು ಹಿಡೀತೀರಿ?"

ಎರಡೂ ಕಡೆ ಗಟಾರ, ಮನೆಗಳ ಕಟ್ಟೆ, ಖಾತುನಬಿಯ ಆಡು. ಮುಷರಫನಿಗೆ ಬರುತ್ತಿದ್ದುದು ಸ್ಕೂಟರ್ ಮಾತ್ರ. ಅವನು ಅಪ್ಪನ ಕಡೆ ತಿರುಗಿದ.

"ಅಬ್ಬಾ, ನೀವ ಹಿಡೀರಿ. ಗಟಾರಕ್ಕ ಇಳಿಸಬ್ಯಾಡ್ರಿ ಮತ್ತ."

"ನಾ ಯಾವಾಗ ಇಳಿಸೇನಿ?" ಎಂದರು ಗುಲಾಬಸಾಬರು, ಬಹಳ ಬಡಪಾಯಿಯ ದನಿಯಲ್ಲಿ.

ಓಣಿಯ ನಾಲ್ಕು ಮಂದಿ ಸೇರಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿ ಮುಷರಫನೂ ಹಿಂದಿನಿಂದ ಹೆಗಲು ಕೊಟ್ಟ. ಲಾರಿ ಅಲುಗಿತು, ಉರುಳಿತು. ಮಸೀದಿಯ ತಿರುವು ದಾಟಿದ ಮೇಲೆ ಓಣಿ ಇಳಿಜಾರು. ಅಲ್ಲಿ ವೇಗ ಬಂತು. ಗುಲಾಬಸಾಬರು ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿದರು. ಮಗ ಹಿಂದೆ ಏದುಸಿರು ಬಿಡುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಇನ್ನೊಂದಿಷ್ಟು ದಬ್ಬಲಿ ಎಂದು ಕಾದು, ಕ್ಲಚ್ಚಿನಿಂದ ಕಾಲು ತೆಗೆದರು.

ಲಾರಿ ಒಮ್ಮೆ ಬಿಕ್ಕಿತು, ಮರುಕ್ಷಣ ಇಂಜಿನ್ ಗುಡುಗಿತು. ಕರಿ ಹೊಗೆ ಬಿಳಿ ಅಂಗಿಯನ್ನು ಪೂರ್ತಿ ಮುಚ್ಚಿತು.

"ಇದು ಚೀಟಿಂಗ್ ರಿ," ಎಂದು ಹೊಗೆಯೊಳಗಿಂದ ಮುಷರಫ ಕೂಗಿದ.

ಲಾರಿಯ ಹಿಂದೆಯೇ ನಡೆದು ಬಂದಿದ್ದ ಶಾಂತಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಏನ್ ಚೀಟಿಂಗೋ? ನನ್ನ ಮುಂದ ಚಾಲೂ ಆಗಬೇಕಿತ್ತು, ಆತು. ದಬ್ಬಿದಾಂವಾ ನೀನ."

ಗುಲಾಬಸಾಬರು ನಿಲ್ಲಿಸಲಿಲ್ಲ. ನಿಲ್ಲಿಸಿ ಇಂಜಿನ್ ಆರಿದರೆ ಮತ್ತೆ ದಬ್ಬಲು ಮಗ ಬರುತ್ತಾನೆಯೇ? ದೊಡ್ಡ ರಸ್ತೆಯಲ್ಲಿ ಕ್ರೇನಿನವನು ಇಲ್ಲೇ ನಿಲ್ಲಿಸಿ ಎಂದು ಕೈ ಮಾಡಿದ. ಅವರೂ ಕೈ ಬೀಸಿ, ಹಾಡಿನ ದನಿ ಏರಿಸಿ, ಧಾರವಾಡದ ದಾರಿ ಹಿಡಿದರು.

ಕೆಲಗೇರಿ ಕೆರೆಯ ಹತ್ತಿರ ಇಂಜಿನ್ ಆರಿಸದೆ ನಿಲ್ಲಿಸಿ ಮನೆಗೆ ಫೋನ್ ಹಚ್ಚಿದರು.

"ಇಲ್ಲೆ ಇಟ್ಟಂಗಿ ಲೋಡ್ ಸಿಕ್ಕೈತಿ. ಸಂಜಿಗೆ ಬರ್ತೇನಿ. ನನ್ನ ಜಾಗಾದಾಗ ಅಂವಾ ಸ್ಕೂಟರ್ ಹಚ್ಚಿರ್ತಾನ, ತಗಸು."

"ಆಗಳೇ ತಗಸೇನ್ರಿ," ಎಂದರು ರೆಹಮತ್‌ಬಿ. "ಖಾತುನಬಿ ಆಡನ್ನೂ ಆ ಕಡೆ ಕಟ್ಟಿಸೇನಿ. ನಿಮಗ ಗಾಡಿ ಹೊಳ್ಳಸಾಕ ಜಾಗಾ ಬೇಕಲ್ಲ."